ಹಲ್ಲಿನ ಕುರ್ಚಿಯನ್ನು ತಿರುಗಿಸಿದ ಬೇಸಿಗೆ

ಹೊಸ ಡಾಕ್ಟರಮ್ಮ ಕೆಲಸ ಶುರು ಮಾಡಿದ ಮೊದಲ ಬೆಳಿಗ್ಗೆಯೇ ನಮ್ಮಿಬ್ಬರ ಕೈಗಳು ಡಿಕ್ಕಿ ಹೊಡೆದವು. ಕುರ್ಚಿಯಲ್ಲಿ ಕೂತಿದ್ದವರು ತರೀಕೆರೆಯ ಒಬ್ಬ ಮೇಷ್ಟ್ರು. ಅವರ ದವಡೆಹಲ್ಲಿನ ಹುಳುಕು ಕೊರೆದು ಬೆಳ್ಳಿ ತುಂಬಬೇಕಿತ್ತು. ನಾನು ಎಂದಿನಂತೆ ಅವರ ಎಡಗಡೆ ನಿಂತು, ಒಂದು ಕೈಯಲ್ಲಿ ಜೊಲ್ಲು ಎಳೆಯುವ ಕೊಳವೆ ಹಿಡಿದು, ಇನ್ನೊಂದು ಕೈಯಲ್ಲಿ ಹಲ್ಲು ತಡಕುವ ಕೊಕ್ಕೆಕಡ್ಡಿ ಚಾಚಿದೆ. ಎದುರಿನಿಂದ ಬಲಗೈ ಬರುತ್ತದೆಂದು ಕಾಯುತ್ತಿದ್ದರೆ ಬಂದದ್ದು ಎಡಗೈ. ಕಡ್ಡಿ ಮೇಷ್ಟ್ರ ಕನ್ನಡಕಕ್ಕೆ ಟಣ್ಣೆಂದು ಬಡಿದು ನೆಲ ಸೇರಿತು.

“ಅಯ್ಯೋ, ಹೇಳೋದೇ ಮರೆತೆ ಅಕ್ಕ. ನಾನು ಎಡಚಿ,” ಎಂದರು ಡಾಕ್ಟರಮ್ಮ.

ಮೇಷ್ಟ್ರು ಬಾಯಿ ತೆರೆದುಕೊಂಡೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕ್ಲಿನಿಕ್ ಇದ್ದದ್ದು ತರೀಕೆರೆ ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಹೆಂಚಿನ ಮನೆಯ ಮುಂಭಾಗದಲ್ಲಿ. ಹಿಂಭಾಗದಲ್ಲಿ ಕ್ಲಿನಿಕ್ಕಿನ ಯಜಮಾನರಾದ ಹಿರಿಯ ಡಾಕ್ಟರು ವಾಸವಾಗಿದ್ದರು. ಅವರ ಕೈ ನಡುಗಲು ಶುರುವಾದ ಮೇಲೆ ಅವರೇ ಒಂದು ದಿನ ಇಕ್ಕಳ ಕೆಳಗಿಟ್ಟು, “ಇನ್ನು ಬೇರೆಯವರ ಬಾಯಿಗೆ ಈ ಕೈ ಹಾಕಬಾರದು ಕಣಮ್ಮ” ಎಂದು ಹೇಳಿ, ಕಾಲೇಜು ಮುಗಿಸಿದ ಯಾರಾದರೂ ಬರಲೆಂದು ಅವರಿವರಿಗೆ ಹೇಳಿಟ್ಟಿದ್ದರು. ಹಾಗೆ ಬಂದವರು ಈ ಡಾಕ್ಟರಮ್ಮ. ಕಡೂರಿನವರು. ದಿನಾ ಬೆಳಿಗ್ಗೆ ಬೀರೂರಿಗೆ ಬಂದು ಶಿವಮೊಗ್ಗದ ರೈಲುಗಾಡಿ ಹಿಡಿದು ತರೀಕೆರೆಯಲ್ಲಿ ಇಳಿಯುತ್ತಿದ್ದರು. ನನಗಿಂತ ಚಿಕ್ಕವರು. ಆದ್ದರಿಂದ ನಾನು ಅವರನ್ನು ಡಾಕ್ಟ್ರೇ ಎಂದರೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು.

ಹಲ್ಲಿನ ಕೆಲಸ ಒಬ್ಬರ ಕೆಲಸವಲ್ಲ. ಬಾಯಿ ಅಂಗೈಯಗಲದ ಕತ್ತಲೆ ಕೋಣೆ. ಅದರೊಳಗೆ ನಾಲಗೆ ಸುಮ್ಮನಿರುವುದಿಲ್ಲ, ಜೊಲ್ಲು ನಿಲ್ಲುವುದಿಲ್ಲ. ಡಾಕ್ಟರ ಕಣ್ಣು ಹಲ್ಲಿನ ಮೇಲೆ ನೆಟ್ಟಿರಬೇಕು. ಆ ನೋಟ ಕದಲದಂತೆ ಬೇಕಾದ ವಸ್ತು ಬೇಕಾದ ಹೊತ್ತಿಗೆ ಅವರ ಬೆರಳಿಗೆ ಬರಬೇಕು. ಹಿರಿಯ ಡಾಕ್ಟರು ಮತ್ತು ನಾನು ಮಾತಿಲ್ಲದೆ ಕೆಲಸ ಮಾಡುತ್ತಿದ್ದೆವು. ಅವರು ಕಿರುಬೆರಳು ಎತ್ತಿದರೆ ಹತ್ತಿ, ಹೆಬ್ಬೆರಳು ಮಡಿಸಿದರೆ ಕೊರೆಯುವ ಮೊನೆ ಬದಲಾಯಿಸಬೇಕು. ಅವರು ರೋಗಿಯ ಬಲಗಡೆ, ನಾನು ಎಡಗಡೆ. ನನ್ನ ಬಲಗೈ ರೋಗಿಯ ತಲೆಯ ಕಡೆ ಇರುತ್ತಿದ್ದರಿಂದ ಅದರಲ್ಲಿ ಕೊಳವೆ. ಸಾಮಾನು ಕೊಡುವುದೆಲ್ಲ ಎಡಗೈಯಲ್ಲಿ. ಮೊದಮೊದಲು ಎಡಗೈಯಲ್ಲಿ ಕೊಡಲು ನನಗೆ ಮುಜುಗರವಾಗುತ್ತಿತ್ತು. “ಕೊಡಮ್ಮ, ಪರವಾಗಿಲ್ಲ, ಇದೇನು ತಾಂಬೂಲವಾ?” ಎಂದು ಅವರೇ ನನ್ನ ಸಂಕೋಚ ಬಿಡಿಸಿದ್ದರು.

ಎಡಚಿ ಡಾಕ್ಟರಮ್ಮ ನಿಲ್ಲಬೇಕಾದದ್ದು ರೋಗಿಯ ಎಡಗಡೆ. ಆದರೆ ಅಲ್ಲಿ ಉಗುಳುವ ಬೋಗುಣಿಯ ಕಬ್ಬಿಣದ ಕಂಬವಿತ್ತು. ನೀರಿನ ಪೈಪು, ಚರಂಡಿಯ ಪೈಪು, ಕೊರೆಯುವ ಯಂತ್ರದ ತೋಳು, ಎಲ್ಲ ಆ ಕಂಬಕ್ಕೆ ಸೇರಿಕೊಂಡು ನೆಲದೊಳಗೆ ಹೂತಿದ್ದವು. ಕಂಬದ ಪಕ್ಕದ ಸಂದಿಯಲ್ಲಿ ನಾನೊಬ್ಬಳು ಹೇಗೋ ನಿಲ್ಲಬಹುದಿತ್ತು, ಅಷ್ಟೇ. ಹಾಗಾಗಿ ಅವರು ಬಲಗಡೆಯೇ ನಿಂತು, ಸೊಂಟ ತಿರುಚಿ, ಎಡಗೈಯನ್ನು ರೋಗಿಯ ಎದೆಯ ಮೇಲಿಂದ ಚಾಚಿ ಕೆಲಸ ಮಾಡುತ್ತಿದ್ದರು. ಆ ಕೈ ಬಂದು ನಿಲ್ಲುವ ಜಾಗ, ನನ್ನ ಕೈಗಳು ವರ್ಷಗಟ್ಟಲೆ ಓಡಾಡಿದ ಜಾಗ. ಸಂಜೆ ಹೊತ್ತಿಗೆ ಅವರಿಗೆ ಬೆನ್ನು ನೋವು, ನನಗೆ ಮೊಣಕೈ ನೋವು.

ಅದಾದರೂ ಹೇಗೋ ನಡೆಯುತ್ತಿತ್ತು. ನಡೆಯದೇ ಹೋದದ್ದು ಎಡಗೈಯ ವಿಷಯ.

ಕುರ್ಚಿಯಲ್ಲಿ ಕೂತವರು, “ಡಾಕ್ಟ್ರಮ್ಮ, ಆ ಕೈ ಬ್ಯಾಡ, ಈ ಕೈಲಿ ಮಾಡಿ” ಎಂದು ಬಲಗೈ ತೋರಿಸಲು ಶುರುಮಾಡಿದರು. ಡಾಕ್ಟರಮ್ಮ ಪಾಪ, ಬಲಗೈಯಲ್ಲಿ ಪ್ರಯತ್ನಿಸಿದರು. ಸೂಜಿ ಚುಚ್ಚುವಾಗ ಅವರ ಹಣೆಯ ಮೇಲೆ ಬೆವರು. ಆಗ ನಾವಿಬ್ಬರೂ ಸೇರಿ ಒಂದು ಉಪಾಯ ಹೂಡಿದೆವು. ಬೇಯಿಸಿ ಇಸ್ತ್ರಿ ಮಾಡಿದ ಬಿಳಿ ಟವೆಲ್ ಒಂದನ್ನು ರೋಗಿಯ ಕಣ್ಣಿನ ಮೇಲೆ ಹಾಕುವುದು. “ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತೆ” ಎಂದು ನಾನು ಹೇಳುವುದು. ಆಮೇಲೆ ಯಾವ ಕೈ ಯಾರಿಗೆ ಗೊತ್ತು?

ಕೆಲವು ದಿನ ಚೆನ್ನಾಗಿಯೇ ಸಾಗಿತು. ಒಂದು ದಿನ ಮಂಡಿ ವ್ಯಾಪಾರದ ಮನೆಯ ಯಜಮಾನಿಯೊಬ್ಬರು ಬಂದರು. ಅಲ್ಲಾಡುತ್ತಿದ್ದ ಹಲ್ಲು ಕೀಳಬೇಕಿತ್ತು. ಕೆನ್ನೆ ಜೋಮು ಹಿಡಿಯಲೆಂದು ಇಂಜೆಕ್ಷನ್ ಕೊಟ್ಟು, ಟವೆಲ್ ಹಾಕಿ, ಡಾಕ್ಟರಮ್ಮ ಎಡಗೈಯಲ್ಲಿ ಇಕ್ಕಳ ಎತ್ತಿದ್ದೇ ತಡ, ಆಕೆಗೆ ಸೀನು ಬಂತು. ಟವೆಲ್ ಹಾರಿ ಮಡಿಲಿಗೆ ಬಿತ್ತು.

“ಅಯ್ಯೋ ಶಿವನೇ! ಎಡಗೈ! ಬಾಯೊಳಗೆ ಎಡಗೈ ಇಕ್ತಾರೇನ್ರೀ?”

ಜೋಮು ಹಿಡಿದ ತುಟಿಯಿಂದ ಆ ಮಾತು ‘ಎಡಗೈ’ ಎಂದು ಬರದೆ ‘ಎಬಗೈ’ ಎಂದು ಬಂತು. ನನಗೆ ನಗು ತಡೆಯಲಾಗಲಿಲ್ಲ. ಟ್ರೇ ಕಡೆ ತಿರುಗಿಕೊಂಡೆ. ಆಕೆ ಹಲ್ಲನ್ನು ಬಾಯಲ್ಲೇ ಉಳಿಸಿಕೊಂಡು, ಸೆರಗು ಬಿಗಿದು ಹೊರಟೇಬಿಟ್ಟರು. ಬಾಗಿಲಲ್ಲಿ ನಿಂತು ಕಾಯುತ್ತಿದ್ದವರಿಗೆಲ್ಲ ‘ಎಬಗೈ, ಎಬಗೈ’ ಎಂದು ಹೇಳಿ ಹೋದರು. ಮಾರನೆಯ ದಿನದಿಂದ ನಮ್ಮ ಬೆಂಚು ಅರ್ಧ ಖಾಲಿ. ಶಿವಮೊಗ್ಗಕ್ಕೆ ಬಸ್ಸುಗಳು ಬೇಕಾದಷ್ಟಿದ್ದವು. ಹಲ್ಲುನೋವಿನವರೂ ಅವನ್ನೇ ಹತ್ತತೊಡಗಿದರು.

ಡಾಕ್ಟರಮ್ಮ ಆ ಟವೆಲನ್ನು ಮಡಿಸಿ ಬೀರುವಿನ ಒಳಗಿಟ್ಟರು. “ಇನ್ನು ಇದು ಬೇಡ ಅಕ್ಕ. ಮೊದಲೇ ಹೇಳಿಬಿಡ್ತೀನಿ. ಬೇಕಾದವರು ಕೂತ್ಕೊಳ್ಳಲಿ.”

ಹಾಗೆ ಹೇಳಿಸಿಕೊಂಡ ಮೊದಲಿಗರಲ್ಲಿ ಒಬ್ಬರು ಅಜ್ಜಂಪುರದ ಓಲಗದವರು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಇವರದೇ ಓಲಗ, ಇವರ ತಮ್ಮನದೇ ಡೋಲು. ದಿಬ್ಬಣದ ಲಾರಿಯಲ್ಲಿ ಕೂತು ಊದುತ್ತಿದ್ದಾಗ ಲಾರಿ ಹಳ್ಳಕ್ಕೆ ಇಳಿದು, ಅವರ ವಾದ್ಯವೇ ಅವರ ಮೇಲ್ದವಡೆಯ ಮುಂದಿನ ಹಲ್ಲಿಗೆ ಬಡಿದು, ಹಲ್ಲು ಓರೆಯಾಗಿ ಅರ್ಧಕ್ಕೆ ಮುರಿದಿತ್ತು. ಉಳಿದ ಚೂಪು ಅಂಚು ಊದುವಾಗ ತುಟಿಯ ಒಳಗೆ ಗೀರುತ್ತಿತ್ತು. ಸಾಲದ್ದಕ್ಕೆ ಗಾಳಿ ಬೇರೆ ಆ ಸಂದಿಯಲ್ಲಿ ಸೋರುತ್ತಿತ್ತು. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆದು, ಹಲ್ಲು ಕೀಳಿಸಿ ಕಟ್ಟುಹಲ್ಲು ಹಾಕಿಸಿಕೊಳ್ಳಿ ಎಂದಿದ್ದರಂತೆ.

“ಕಟ್ಟುಹಲ್ಲು ಊದುವಾಗ ನಿಲ್ಲುತ್ತೇನಮ್ಮ? ಓಲಗದ ಜೊತೆಗೆ ಅದೂ ಈಚೆ ಬಂದ್ಬಿಡುತ್ತೆ. ಯುಗಾದಿ ಕಳೀತು, ಇನ್ನೇನು ಲಗ್ನಗಳು ಶುರುವಾಗ್ತಾವೆ. ಒಪ್ಕೊಂಡಿರೋ ಮನೆಗಳಿಗೆ ಏನ್ ಹೇಳ್ಲಿ?” ಎಂದರು. ನಗುಮುಖದವರೇ, ಆದರೆ ಹಾಗೆ ಕೇಳುವಾಗ ಕಣ್ಣು ನಗಲಿಲ್ಲ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೇರು ಗಟ್ಟಿಯಾಗಿತ್ತು, ನೇರವಾಗಿತ್ತು. ಬೇರಿನೊಳಗಿನ ನರ ತೆಗೆದು, ನಾಳವನ್ನು ಶುದ್ಧಮಾಡಿ ತುಂಬಿ, ಅದಕ್ಕೊಂದು ಲೋಹದ ಕಡ್ಡಿ ಕೂರಿಸಿ, ಕಡ್ಡಿಯ ಮೇಲೆ ಹೊಸ ಹಲ್ಲು ನಿಲ್ಲಿಸಬಹುದು ಎಂದರು. ಕಾಲೇಜಿನಲ್ಲಿ ಮಾಡಿದ್ದರಂತೆ. ತರೀಕೆರೆಯ ಆ ಕುರ್ಚಿಯಲ್ಲಿ ಅಂಥದ್ದನ್ನು ಯಾರೂ ಮಾಡಿರಲಿಲ್ಲ.

“ಆದರೆ ಯಜಮಾನ್ರೇ, ನಾನು ಎಡಗೈಲಿ ಕೆಲಸ ಮಾಡೋಳು. ಬಲಗೈಗೆ ಅದು ಬರಲ್ಲ. ಒಪ್ಪಿಗೆ ಇದ್ದರೆ ಕೂತ್ಕೊಳ್ಳಿ.”

ಅವರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. “ಅದಕ್ಕೇನ್ರಮ್ಮ? ನಾನು ಓಲಗ ಹಿಡಿಯೋದು ಎಡಗೈ ಮೇಲೆ, ಬಲಗೈ ಕೆಳಗೆ. ತಾಳಿ ಕಟ್ಟೋ ಹೊತ್ನಲ್ಲಿ ಎಡಗೈ ತೆಗೆದ್ರೆ ಸ್ವರವೇ ಇಲ್ಲ. ಯಾವ ಬೀಗರೂ ಬ್ಯಾಡ ಅಂದಿಲ್ಲಪ್ಪ,” ಎಂದು ಹೇಳಿ ಚಪ್ಪಲಿ ಬಿಟ್ಟು ಕುರ್ಚಿ ಹತ್ತಿದರು.

ನರ ತೆಗೆಯುವ ಕೆಲಸಕ್ಕೆ ಕೂದಲಿನಷ್ಟು ಸಣ್ಣ, ಉಜ್ಜಿ ಕೆರೆಯುವ ಅರಗಳಿರುತ್ತವೆ. ಒಂದೊಂದೂ ಸೂಜಿಗಿಂತ ಗಿಡ್ಡ. ಜಾರಿದರೆ ನೇರ ಗಂಟಲಿಗೆ. ಆದ್ದರಿಂದ ಪ್ರತಿಯೊಂದು ಅರದ ಹಿಡಿಗೂ ದಾರ ಕಟ್ಟಿ, ದಾರದ ತುದಿಯನ್ನು ನಾನು ಬೆರಳಿಗೆ ಸುತ್ತಿಕೊಂಡಿರುತ್ತಿದ್ದೆ. ತುಟಿಯ ಒಳಗೆ ಹತ್ತಿಯ ಸುರುಳಿ ಇಟ್ಟು ಹಲ್ಲನ್ನು ಒಣಗಿಸಿದೆವು. ಡಾಕ್ಟರಮ್ಮ ಬಲಗಡೆಯಿಂದ ಬಾಗಿ, ಎಡಗೈ ಸುತ್ತಿ ತಂದು, ಅರವನ್ನು ನಾಳಕ್ಕೆ ಇಳಿಸಿ ಮೆಲ್ಲಗೆ ತಿರುವುತ್ತಿದ್ದರು. ನಾನು ಕೊಳವೆ ಸರಿಸಿದೆ. ಅದೇ ಕ್ಷಣ ಅವರು ಕೈ ಹಿಂತೆಗೆದರು. ಮೊಣಕೈಗೆ ಮೊಣಕೈ ತಾಗಿತು. ಅರ ಅವರ ಬೆರಳಿನಿಂದ ಜಾರಿ ನಾಲಗೆಯ ಮೇಲೆ ಬಿತ್ತು. ಓಲಗದವರು ಬೆಚ್ಚಿ ಉಸಿರೆಳೆದುಕೊಂಡರು, ಅದು ಹಿಂದಕ್ಕೆ ಸರಿಯಿತು.

ನಾನು ದಾರ ಎಳೆದೆ. ಅರ ಈಚೆ ಬಂತು. ಅವರು ಕೆಮ್ಮಿ, ಬೋಗುಣಿಗೆ ಉಗುಳಿ, ಕಣ್ಣೊರೆಸಿಕೊಂಡು, “ಗಾಳ ಹಾಕಿ ಮೀನು ಹಿಡಿದಂಗಾಯ್ತಲ್ಲ ಸಿಸ್ಟರಮ್ಮ” ಎಂದು ನಕ್ಕರು. ನಾವಿಬ್ಬರೂ ನಗಲಿಲ್ಲ. ಡಾಕ್ಟರಮ್ಮನ ಮುಖ ಸುಣ್ಣದ ಗೋಡೆಯ ಹಾಗಾಗಿತ್ತು. ನಾಳದಲ್ಲಿ ಔಷಧಿಯ ಹತ್ತಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ಮುಚ್ಚಿ, ಮುಂದಿನ ವಾರ ಹೇಳಿ ಕಳಿಸಿದಾಗ ಬನ್ನಿ ಎಂದು ಕಳಿಸಿದರು.

ಆಮೇಲೆ ಹಿಂದಿನ ಕೋಣೆಯಲ್ಲಿ ಸಿರಿಂಜುಗಳನ್ನು ಕುದಿಯಲು ಇಟ್ಟು ನಾನು ತಿರುಗಿ ನೋಡಿದರೆ, ಅವರು ಕೋಟು ಬಿಚ್ಚಿ ಮಡಿಚುತ್ತಿದ್ದರು.

“ನಾನು ಬರೋದು ನಿಲ್ಲಿಸ್ತೀನಿ ಅಕ್ಕ. ಬಲಗೈಯವರು ಯಾರಾದ್ರೂ ಸಿಗ್ತಾರೆ. ಇವತ್ತು ದಾರ ಇತ್ತು, ಸರಿಹೋಯ್ತು. ಎಲ್ಲದಕ್ಕೂ ದಾರ ಕಟ್ಟೋಕಾಗುತ್ತಾ?”

“ತಪ್ಪು ಕೈಯದ್ದಲ್ಲ ಡಾಕ್ಟ್ರೇ, ನಿಂತ ಜಾಗದ್ದು,” ಎಂದೆ. ಯೋಚಿಸಿ ಹೇಳಿದ್ದಲ್ಲ, ಅವರನ್ನು ಸಮಾಧಾನ ಮಾಡಲು ಬಾಯಿಗೆ ಬಂದದ್ದು.

ಅವರು ಎದ್ದು ಹೋಗಿ ಕುರ್ಚಿಯ ಎದುರು ನಿಂತರು. ನಾನೂ ಹೋದೆ. ಒಬ್ಬರ ಜಾಗದಲ್ಲಿ ಒಬ್ಬರು ನಿಂತು ನೋಡಿದೆವು. ಕಂಬ ಅವರ ಹೊಟ್ಟೆಗೆ ಒತ್ತುತ್ತಿತ್ತು.

“ಈ ಕಂಬ ಕೀಳೋಕಾಗುತ್ತಾ?”

“ನೆಲ ಅಗೀಬೇಕು. ಪೈಪೆಲ್ಲ ಒಳಗಿವೆ.”

“ಕಂಬ ಆಗಲ್ಲ.” ಅವರು ಕುರ್ಚಿಯ ತಲೆದಿಂಬಿನ ಮೇಲೆ ಕೈ ಇಟ್ಟು ಕಿಟಕಿಯ ಕಡೆಗೊಮ್ಮೆ, ಎದುರಿನ ಬಾಗಿಲ ಕಡೆಗೊಮ್ಮೆ ನೋಡಿದರು. “ಕುರ್ಚಿ? ಕುರ್ಚಿ ಕಿಟಕಿ ಕಡೆ ನೋಡ್ತಿದೆ. ಅದನ್ನ ಬಾಗಿಲ ಕಡೆ ತಿರುಗಿಸಿದ್ರೆ ಕಂಬ ತಾನಾಗೇ ರೋಗಿಯ ಬಲಕ್ಕೆ ಬರುತ್ತಲ್ಲ ಅಕ್ಕ?”

ಮಡಿಚಿದ ಕೋಟು ಇನ್ನೂ ಅವರ ಕಂಕುಳಲ್ಲೇ ಇತ್ತು.

ಕುರ್ಚಿ ಹಿರಿಯ ಡಾಕ್ಟರದು. ಮದ್ರಾಸಿನಿಂದ ರೈಲಿನಲ್ಲಿ ತರಿಸಿ, ತರೀಕೆರೆ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ತಂದ ಕುರ್ಚಿ. ವಿಷಯ ಕೇಳಿದ ಕೂಡಲೆ ಅವರು, “ಅದನ್ನ ಅಲ್ಲಾಡಿಸಬೇಡಿ” ಎಂದರು. ಆಮೇಲೆ, “ಏನಾಯ್ತು ಅಂತ ಸರಿಯಾಗಿ ಹೇಳಿ” ಎಂದರು. ನಾವು ಅರ ಬಿದ್ದ ಕಥೆ ಬಚ್ಚಿಡದೆ ಹೇಳಿದೆವು. ಅವರು ಶಾಲು ಹೊದ್ದು ಬಂದು ತಮ್ಮ ಕುರ್ಚಿಯಲ್ಲಿ ತಾವೇ ರೋಗಿಯಂತೆ ಕೂತರು. “ನೋಡಮ್ಮ, ನನ್ನ ಹಿಂದಿನ ಹಲ್ಲು ನೋಡು.”

ಡಾಕ್ಟರಮ್ಮ ಬಲಗಡೆಯಿಂದ ಎಡಗೈ ಚಾಚಿದರು. ಹಿರಿಯರು ಅರೆಗಳಿಗೆ ತಡೆದುಕೊಂಡು ಅವರ ತೋಳನ್ನು ಪಕ್ಕಕ್ಕೆ ತಳ್ಳಿದರು.

“ನನ್ನ ಎದೆ ಮೇಲೆ ಇಷ್ಟು ಭಾರ ಹಾಕ್ತೀಯಲ್ಲಮ್ಮ! ಉಸಿರಾಡೋದು ಹೇಗೆ? ಇಷ್ಟು ದಿನ ಇದನ್ನ ಜನ ಹೇಗೆ ಸಹಿಸಿಕೊಂಡ್ರೋ.” ಎದ್ದು ನಿಂತು ಕುರ್ಚಿಯ ಕೈ ಸವರಿದರು. “ತಿರುಗಿಸಿ. ಬೋಲ್ಟು ಮಾತ್ರ ಒಂದೂ ಕಳೀಬಾರದು. ಅಂಥವು ಈಗ ಸಿಗಲ್ಲ.”

ಭಾನುವಾರ ಬೀರೂರಿನಿಂದ ರೈಲ್ವೆ ಫಿಟ್ಟರ್ ಒಬ್ಬರನ್ನು ಕರೆಸಿದರು. ಹಿರಿಯ ಡಾಕ್ಟರ ಹಳೆಯ ಪರಿಚಯದವರು. ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಕುರ್ಚಿಯ ಸುತ್ತ ಒಂದು ಸುತ್ತು ಹಾಕಿ, “ಇಂಜಿನ್ನೇ ತಿರುಗಿಸೋರು ನಾವು, ಇದೇನ್ ಮಹಾ ಅಕ್ಕಯ್ಯ” ಎಂದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದರು. ಒಂದೊಂದೂ ಕಿರುಗುಟ್ಟುತ್ತ ಬಂದಾಗ ಹಿರಿಯರು ಅದನ್ನು ತಾವೇ ಇಸಿದುಕೊಂಡು ತಟ್ಟೆಯಲ್ಲಿ ಇಡುತ್ತಿದ್ದರು. ಎದುರಿನ ಹೋಟೆಲಿನ ಇಬ್ಬರನ್ನು ಕೂಗಿ, ಎಲ್ಲರೂ ಸೇರಿ ಕುರ್ಚಿಯನ್ನು ಎತ್ತಿ ತಿರುಗಿಸಿದೆವು. ಫಿಟ್ಟರ್ ನೆಲಕ್ಕೆ ಹೊಸ ತೂತು ಕೊರೆದು ಬಿಗಿದರು. ಆಮೇಲೆ ಹೆಮ್ಮೆಯಿಂದ ತಾವೇ ಕೂತು, ಉಗುಳುವವರಂತೆ ಬಲಕ್ಕೆ ತಿರುಗಿದರು. ಬೋಗುಣಿ ಕಾಣಲಿಲ್ಲ.

“ಎಲ್ಲೋಯ್ತು?”

ಬೋಗುಣಿ ಅವರ ಕಿವಿಯ ಹಿಂದಿತ್ತು. ಮೊದಲು ರೋಗಿಯ ಮುಂದಕ್ಕಿದ್ದದ್ದು, ಕುರ್ಚಿ ತಿರುಗಿದಾಗ ಹಿಂದಕ್ಕೆ ಹೋಗಿತ್ತು. ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಡಾಕ್ಟರಮ್ಮ ನೆಲದ ಮೇಲೆ ಕೂತು ಬಿದ್ದು ಬಿದ್ದು ನಕ್ಕರು; ಅವರು ಬಂದ ಮೇಲೆ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮತ್ತೆ ಬೋಲ್ಟು ಬಿಚ್ಚಿ, ಕುರ್ಚಿಯನ್ನು ಕಿಟಕಿಯ ಕಡೆಗೆ ಒಂದಷ್ಟು ಸರಿಸಿ, ಮತ್ತೆ ತೂತು ಕೊರೆದು ಬಿಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಹಿರಿಯರ ಮನೆಯವರು ಎಲ್ಲರಿಗೂ ಅಲ್ಲೇ ಚಿತ್ರಾನ್ನ ಕೊಟ್ಟರು.

ಕುರ್ಚಿ ತಿರುಗಿತು, ಬೆಳಕು ಕೈಕೊಟ್ಟಿತು. ಕಿಟಕಿ ಈಗ ರೋಗಿಯ ಬೆನ್ನ ಹಿಂದೆ. ದೀಪ ಇದ್ದರೂ ಕರೆಂಟಿನ ಭರವಸೆ ಇರಲಿಲ್ಲ. ಕರೆಂಟು ಹೋದರೆ ಬಾಯಿ ಬಾವಿಯಂತೆ. ಫಿಟ್ಟರ್ ತಲೆ ಎತ್ತಿ ಮಾಡಿನ ಹೆಂಚು ನೋಡಿದರು. “ಗಾಜಿನ ಹೆಂಚು ಹಾಕ್ಸಿ. ನಮ್ಮ ಶೆಡ್ಡಲ್ಲಿ ಹಂಗೇ ಮಾಡಿರೋದು.” ಮಾರನೆಯ ದಿನ ಕುರ್ಚಿಯ ಮೇಲೆ ಸರಿಯಾಗಿ ಬೆಳಕು ಬೀಳುವಂತೆ ಕೆಂಪು ಹೆಂಚು ತೆಗೆಸಿ ಗಾಜಿನ ಹೆಂಚು ಹೊದಿಸಿದೆವು. ನಡುಮಧ್ಯಾಹ್ನ ಬಿಟ್ಟರೆ ಉಳಿದ ಹೊತ್ತೆಲ್ಲ ಹಾಲಿನಂಥ ಬೆಳಕು.

ಇನ್ನು ಉಳಿದದ್ದು ನಾನು. ಈಗ ನಾನು ರೋಗಿಯ ಬಲಗಡೆ. ಕೊಳವೆ ಎಡಗೈಗೆ ಹೋಯಿತು, ಕೊಡುವ ಕೆಲಸ ಬಲಗೈಗೆ ಬಂತು. ಬಲಗೈ ಅಂದರೆ ಸುಲಭವಾಗಬೇಕಲ್ಲವೇ? ಆಗಲಿಲ್ಲ. ಅನ್ನ ಕಲಸುವ, ರಂಗೋಲಿ ಎಳೆಯುವ ನನ್ನ ಬಲಗೈ ಇಕ್ಕಳವನ್ನು ತಲೆಕೆಳಗಾಗಿ ಕೊಡುತ್ತಿತ್ತು. ಎಡಗೈ ಕೊಳವೆಯನ್ನು ರೋಗಿಯ ಮೂಗಿಗೆ ಒಯ್ಯುತ್ತಿತ್ತು. ರೋಗಿಗಳು ಕಡಿಮೆ ಇದ್ದದ್ದು ಆಗ ಅನುಕೂಲವೇ ಆಯಿತು. ಪ್ಲಾಸ್ಟರ್ ಪುಡಿಯಲ್ಲಿ ಎರಕ ಹೊಯ್ದ ಹಲ್ಲಿನ ಅಚ್ಚೊಂದನ್ನು ತಲೆದಿಂಬಿಗೆ ಕಟ್ಟಿ ಇಬ್ಬರೂ ಅಭ್ಯಾಸ ಮಾಡಿದೆವು. ಹಿರಿಯರು ಬಾಗಿಲಲ್ಲಿ ಕೂತು, “ಮೊನೆ ಅವಳ ಕಡೆ, ಹಿಡಿ ನಿನ್ನ ಕಡೆ ಅಲ್ಲಮ್ಮ, ಉಲ್ಟಾ!” ಎಂದು ಕೂಗುತ್ತಿದ್ದರು. ಒಂದು ಸಲ ನಾನು ರೇಗಿ, “ಸಾರ್, ನೀವು ಒಳಗೆ ಹೋಗಿ ಪೇಪರ್ ಓದಿ” ಎಂದೇಬಿಟ್ಟೆ. ಅವರು ಹೋಗಲಿಲ್ಲ, ಪೇಪರನ್ನು ಅಲ್ಲಿಗೇ ತರಿಸಿಕೊಂಡರು.

ಡಾಕ್ಟರಮ್ಮನೂ ಕಲಿಯಬೇಕಾದದ್ದಿತ್ತು. ಅವರು ಯಾವ ಸನ್ನೆಯನ್ನೂ ಮಾಡುತ್ತಿರಲಿಲ್ಲ. ಬೇಕಾದದ್ದನ್ನು ತಾವೇ ತಿರುಗಿ ಎತ್ತಿಕೊಳ್ಳುವ ಅಭ್ಯಾಸ. “ನೀವು ತಿರುಗಬಾರದು ಡಾಕ್ಟ್ರೇ. ಕೈ ಅಲ್ಲೇ ಇಡಿ, ನಾನು ತಲುಪಿಸ್ತೀನಿ,” ಎಂದು ಹೇಳಿ ಹೇಳಿ, ಕೊನೆಗೆ ಟ್ರೇಯನ್ನೇ ಅವರ ಕೈಗೆ ಎಟುಕದ ಕಡೆ ಇಟ್ಟೆ. ಒಂದು ಸಂಜೆ ಕರೆಂಟು ಹೋದಾಗಲೂ ಅಚ್ಚಿನ ಮೇಲೆ ನಮ್ಮ ಕೈಗಳು ನಿಲ್ಲದೆ ಓಡಾಡಿದವು. ಅವರು ತಲೆ ಎತ್ತಿ, “ನಾಳೆ ಓಲಗದವರಿಗೆ ಹೇಳಿ ಕಳಿಸೋಣ” ಎಂದರು.

ಓಲಗದವರು ಬಂದು ಬಾಗಿಲಲ್ಲೇ ನಿಂತರು. “ಇದೇನಿದು, ಹೋದ್ಸಲ ಕಿಟಕಿ ನೋಡ್ತಿದ್ದೆ?”

“ಈಗ ಬೀದಿ ನೋಡಿ, ಹೊತ್ತು ಹೋಗುತ್ತೆ,” ಎಂದೆ.

ಆ ದಿನದ ಕೆಲಸವನ್ನು ನೆನೆದರೆ ಈಗಲೂ ನನ್ನ ಬೆರಳುಗಳಿಗೆ ಖುಷಿಯಾಗುತ್ತದೆ. ಸಣ್ಣ ಅರ, ಅದಕ್ಕಿಂತ ತುಸು ದಪ್ಪದ್ದು, ಇನ್ನೂ ತುಸು ದಪ್ಪದ್ದು. ನಡುನಡುವೆ ಔಷಧಿ ನೀರಿನಲ್ಲಿ ತೊಳೆದು, ಕಾಗದದ ಸಣ್ಣ ಕಡ್ಡಿಗಳಿಂದ ನಾಳ ಒಣಗಿಸುವುದು. ಕಡ್ಡಿ ಒದ್ದೆಯಾಗದೆ ಈಚೆ ಬರುವವರೆಗೆ ಮತ್ತೆ ಮತ್ತೆ. ಅವರ ಬೆರಳು ತೆರೆಯುವ ಮುನ್ನವೇ ಮುಂದಿನ ಅರ ಅಲ್ಲಿರುತ್ತಿತ್ತು. ಎಲ್ಲಿಯೂ ಮೊಣಕೈ ತಾಗಲಿಲ್ಲ. ಮುಂದಿನ ಭೇಟಿಯಲ್ಲಿ ನಾಳ ತುಂಬಿದೆವು. ಅದರ ಮುಂದಿನ ಭೇಟಿಯಲ್ಲಿ ಬೇರಿನ ಮೇಲ್ಭಾಗ ಕೊರೆದು ಉಕ್ಕಿನ ಕಡ್ಡಿಗೆ ಜಾಗ ಮಾಡಿ, ಮೇಣದಲ್ಲಿ ಹಲ್ಲಿನ ಆಕಾರ ತೆಗೆದೆವು. ಪಕ್ಕದ ಹಲ್ಲಿಗೆ ಎಲೆಅಡಿಕೆಯ ಬಣ್ಣ ಹತ್ತಿತ್ತು. ಹೊಸ ಹಲ್ಲು ಬೆಳ್ಳಗಿದ್ದರೆ ಬೇರೆಯಾಗಿ ಕಾಣುತ್ತದೆಂದು, ಡಾಕ್ಟರಮ್ಮ ಹಲ್ಲು ಮಾಡುವ ಪುಡಿಗೆ ಬಣ್ಣ ಬೆರೆಸಿ ಅಚ್ಚಿಗೆ ತುಂಬಿ, ಸೀಮೆಎಣ್ಣೆ ಸ್ಟೋವಿನ ಮೇಲೆ ಅದನ್ನು ಕುದಿಸಿ, ಎರಡನೆಯ ಪ್ರಯತ್ನಕ್ಕೆ ಸರಿಯಾದ ಹಲ್ಲು ತೆಗೆದರು. ಮೊದಲನೆಯದು ಹಾಗಲಕಾಯಿ ಬೀಜದ ಬಣ್ಣಕ್ಕೆ ಬಂದಿತ್ತು.

ಹಲ್ಲು ಕೂರಿಸುವ ದಿನ ಬಿಸಿಲು ಧಗಧಗ. ಅದೇ ನನಗೆ ಹೆದರಿಕೆ. ಕೂರಿಸುವ ಸಿಮೆಂಟನ್ನು ಗಾಜಿನ ಹಲಗೆಯ ಮೇಲೆ ಪುಡಿಗೆ ದ್ರವ ಸೇರಿಸಿ ಕಲಸಬೇಕು. ಹಲಗೆ ಬಿಸಿಯಿದ್ದರೆ ಕಲಸುತ್ತಿರುವಾಗಲೇ ಕಲ್ಲಾಗುತ್ತದೆ. ಬೆಳಿಗ್ಗೆಯೇ ಹಲಗೆಯನ್ನು ಮಣ್ಣಿನ ಹೂಜಿಯ ಪಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಒರೆಸಿ ಒಣಗಿಸಿ, ಪುಡಿಯನ್ನು ಚೂರು ಚೂರೇ ಸೇರಿಸುತ್ತ ಅಗಲಕ್ಕೆ ಹರಡಿ ಕಲಸಿದೆ. ಚಮಚ ಎತ್ತಿದರೆ ನೂಲಿನಂತೆ ಎಳೆ ಬರಬೇಕು.

“ಆಯ್ತಾ ಅಕ್ಕ?”

“ಇನ್ನೊಂಚೂರು. ಈಗ!”

ಕಡ್ಡಿಗೆ ಸವರಿ ಕೊಟ್ಟೆ. ಅವರ ಎಡಗೈ ಅದನ್ನು ತೆಗೆದುಕೊಂಡು ನೇರವಾಗಿ ಬೇರಿಗೆ ಇಳಿಸಿತು. ನಾನು ಹತ್ತಿ ಒತ್ತಿ ಹಿಡಿದೆ. ಗಟ್ಟಿಯಾಗುವ ತನಕ ಮೂವರೂ ಉಸಿರು ಬಿಗಿಹಿಡಿದಿದ್ದೆವೆಂದು ಕಾಣುತ್ತದೆ. ಬಿಟ್ಟಾಗ ಒಟ್ಟಿಗೇ ಬಿಟ್ಟೆವು.

ಓಲಗದವರು ತಮ್ಮ ತಮ್ಮನನ್ನೂ ವಾದ್ಯವನ್ನೂ ಜೊತೆಗೇ ತಂದಿದ್ದರು. ಒಂದು ಗಂಟೆಯಾದರೂ ಬಿಡಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಎದುರಿನ ಹೋಟೆಲಿಗೆ ಹೋಗಿ ಕೂತು ಬಂದರು. ಬಂದು ಬೆಂಚಿನ ಮೇಲೆ ಕೂತು, ವಾದ್ಯದ ಊದುವ ತುದಿಯ ಸೀವಾಳಿ ಒದ್ದೆ ಮಾಡಿ ಬಾಯಿಗಿಟ್ಟರು. ಊದಿದರು. ಸ್ವರದ ಹಿಂದೆ ‘ಸ್ಸ್’ ಎಂದು ಸಣ್ಣ ಸೋರಿಕೆ. ಅವರ ಮುಖ ಇಳಿಯಿತು.

“ಹಲ್ಲು ಒಂದೆಳೆ ಉದ್ದ ಆಗಿದೆ. ತುಟಿ ಕೂರ್ತಿಲ್ಲ,” ಎಂದರು ಡಾಕ್ಟರಮ್ಮ. ಮತ್ತೆ ಕುರ್ಚಿ. ಅಂಚನ್ನು ಮೆಲ್ಲಗೆ ತೇಯ್ದರು. ಊದಿಸಿದರು. ಸೋರಿಕೆ ಕಡಿಮೆಯಾಯಿತು, ಹೋಗಲಿಲ್ಲ. ಮತ್ತೆ ತೇಯ್ದರು. ಈ ಸಲ ಹಿಂಬದಿಯನ್ನು. ಕೊರೆಯುವ ಯಂತ್ರ ಒಮ್ಮೆ, ಓಲಗ ಒಮ್ಮೆ, ಹೀಗೆ ಸ್ವಲ್ಪ ಹೊತ್ತು ಜುಗಲ್‌ಬಂದಿ ನಡೆಯಿತು. ಬೀದಿಯಲ್ಲಿ ಹೋಗುವವರು ನಿಂತರು. ಕುರ್ಚಿ ಬಾಗಿಲ ಕಡೆ ತಿರುಗಿದ್ದರಿಂದ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು, ಎಡಗೈಯೂ ಸೇರಿ. ಯಾರೂ ಅದರ ಮಾತೆತ್ತಲಿಲ್ಲ. “ಈಗ ಬಂತು ನೋಡ್ರೀ,” “ಇಲ್ಲ ಕಣೋ, ಇನ್ನೂ ಗಾಳಿ ಐತೆ” ಎಂದು ಅವರವರಲ್ಲೇ ಚರ್ಚೆ.

ಮತ್ತೊಮ್ಮೆ ಅವರು ವಾದ್ಯ ಎತ್ತಿದರು. ಈ ಸಲ ಸ್ವರ ತುಂಬಿಕೊಂಡು ಬಂತು. ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ಮೆಲ್ಲಗೆ ಏರಿಸಿ, ಎಳೆದು, ಮಾಡಿನ ಹೆಂಚು ನಡುಗುವಂತೆ ಊದಿದರು. ತಮ್ಮನ ಕೈಯಲ್ಲಿ ಡೋಲು ಇರಲಿಲ್ಲ. ನಮ್ಮ ಬೆಂಚನ್ನೇ ಬಡಿದ. ಹಿರಿಯರು ಒಳಗಿನಿಂದ ಬಂದು, ಹೆಗಲ ಮೇಲಿನ ಶಾಲು ತೆಗೆದು ಓಲಗದವರಿಗೆ ಹೊದಿಸಿದರು. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಗಾಜಿನ ಹಲಗೆಗೆ ಅಂಟಿದ್ದ ಸಿಮೆಂಟು ಕೆರೆಯತೊಡಗಿದೆ.

ವೈಶಾಖದಲ್ಲಿ ಅಜ್ಜಂಪುರದ ಒಂದು ಮದುವೆಗೆ ಓಲಗದವರು ನಮ್ಮಿಬ್ಬರನ್ನೂ ಹಠಮಾಡಿ ಕರೆಸಿದರು. ಮದುವೆ ಅವರ ಮನೆಯದಲ್ಲ. ಆದರೂ ಕರೆಯುವ ಹಕ್ಕು ತಮ್ಮದೇ ಎನ್ನುವಂತೆ ಕರೆದರು. ಮುಹೂರ್ತದಲ್ಲಿ ಗಟ್ಟಿಮೇಳ ಮೊಳಗಿದಾಗ ಡಾಕ್ಟರಮ್ಮ ವಧೂವರರನ್ನು ನೋಡಲೇ ಇಲ್ಲ, ಓಲಗದವರ ತುಟಿಯನ್ನೇ ನೋಡುತ್ತಿದ್ದರು.

ಊಟದ ಸಾಲಿನಲ್ಲಿ ಓಲಗದವರೂ ತಮ್ಮನೂ ನಮ್ಮ ಎದುರಿಗೇ ಕೂತರು. ಓಲಗದವರು ಡಾಕ್ಟರಮ್ಮನ ಎಲೆ ನೋಡಿ, ಉಣ್ಣುತ್ತಿದ್ದ ತಮ್ಮ ಕೈ ತಡೆದರು.

“ಇದೇನ್ರಮ್ಮ, ಊಟ ಮಾತ್ರ ಬಲಗೈಲಿ?”

“ಊಟ ನಮ್ಮಮ್ಮ ಕಲಿಸಿದ್ದು, ಬರೆಯೋದು ಮೇಷ್ಟ್ರು ಕಲಿ­ಸಿದ್ದು. ಎರಡೂ ಏಟು ತಿಂದು ಬಲಗೈಗೆ ಹೋದ್ವು ಯಜಮಾನ್ರೇ,” ಎಂದರು ಡಾಕ್ಟರಮ್ಮ. “ಹಲ್ಲಿನ ಕೆಲಸ ಕಲಿಯೋ ಹೊತ್ತಿಗೆ ಹೊಡೆಯೋರು ಯಾರೂ ಇರ್ಲಿಲ್ಲ.”

ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕ ಡೋಲಿನ ತಮ್ಮ ಹಾಗೇ ಕೆನ್ನೆ ಹಿಡಿದುಕೊಂಡ. ತಿಂಗಳಿಂದ ನೋವಂತೆ, ಯಾರಿಗೂ ಹೇಳಿರಲಿಲ್ಲವಂತೆ.

ಕೈ ತೊಳೆದು ಬಂದವರೇ ಅವನನ್ನು ಚಪ್ಪರದ ಕಂಬಕ್ಕೆ ಒರಗಿಸಿ, ಬೆಳಕಿನ ಕಡೆ ಮುಖ ಎತ್ತಿಸಿದೆವು. ಡಾಕ್ಟರಮ್ಮ ಅವನ ಎಡಕ್ಕೆ ಹೋದರು. ನಾನು ಬಲಕ್ಕೆ ಹೋಗಿ ಬೆರಳಿನಿಂದ ಅವನ ಕೆನ್ನೆ ಸರಿಸಿ ಹಿಡಿದೆ.

“ದೊಡ್ಡದಾಗಿ ತೆಗೀ,” ಎಂದರು ಅವರು, ಬಾಗಿ ನೋಡುತ್ತ. “ಹ್ಞಾಂ. ಕೀಳೋದು ಬೇಡ ಅಕ್ಕ, ಇದೂ ಉಳಿಯುತ್ತೆ. ಸೋಮವಾರ ತರೀಕೆರೆಗೆ ಬರೋಕೆ ಹೇಳಿ.”